ಗೀತಹರಣ: ಕವರ್, ರೀಮಿಕ್ಸ್, ಮ್ಯಾಶಪ್‌ಗಳ ಬೆಲೆಯನ್ನು ಕುರಿತು

1

ಒಬ್ಬರು ಹಾಡಿದ ಹಾಡನ್ನು ಇನ್ನೊಬ್ಬರು ಹಾಡುವುದು ನಮ್ಮಲ್ಲಿ ಹೊಸ ಸಂಗತಿಯೇನೂ ಅಲ್ಲ. ದಾಸರ ಪದಗಳು ಇಂದಿಗೂ ಬದುಕಿ ಉಳಿದಿರುವುದು ಮರುಹಾಡಿಕೆಯಿಂದಲೇ. ಅವುಗಳನ್ನು ಕಟ್ಟಿದ ಮಹನೀಯರು ಯಾವ ಮಟ್ಟಿನಲ್ಲಿ ಹಾಡಿದರೆಂಬುದನ್ನು ಖಚಿತವಾಗಿ ತಿಳಿಸುವ ಸ್ವರಲಿಪಿ ನಮಗೆ ದೊರೆತಿಲ್ಲ. ಇಂದು ಕೇಳಿಬರುವ ಧಾಟಿಗಳಲ್ಲಿ ಬಹುಪಾಲು ಈಚಿನ ಗಾಯಕರು ಅಳವಡಿಸಿಕೊಂಡವು. ಆದ್ದರಿಂದ ಮೂಲವೊಂದೇ ಶುದ್ಧ, ಮಿಕ್ಕುದೆಲ್ಲ ಮೈಲಿಗೆ ಎಂದು ಹೇಳುವ ಅಧಿಕಾರ ನಮಗಂತೂ ಇಲ್ಲ. ಹೀಗಿದ್ದೂ ಅಂತರ್ಜಾಲದಲ್ಲಿ ಈಗ ಹೇರಳವಾಗಿ ದೊರೆಯುವ ಕವರ್ ಹಾಡು, ರೀಮಿಕ್ಸ್, ಮ್ಯಾಶಪ್ ಎಂಬ ಮೂರು ಬಗೆಯ ಕೃತಿಗಳ ಮಾತು ಬಂದೊಡನೆ ನಮ್ಮಂಥ ಅಧ್ಯಾಪಕರ ಮುಖದಲ್ಲಿ ತಾತ್ಸಾರ ಮೂಡುವುದುಂಟು. ಅವು ವಿದ್ಯಾರ್ಥಿಗಳ ಬಿಡುವಿನ ವಿನೋದವೇ ಹೊರತು ವಿಮರ್ಶೆಯ ವಸ್ತುವಲ್ಲ ಎಂಬುದು ಆ ತಾತ್ಸಾರದ ಅರ್ಥ.

ಈ ಲೇಖನಕ್ಕೆ ಪ್ರೇರಣೆಯಾದುದು ಅಂಥದೇ ಒಂದು ಪ್ರಸಂಗ. ತರಗತಿಯಲ್ಲಿ ರಾಜಶೇಖರನ 'ಕಾವ್ಯಮೀಮಾಂಸೆ'ಯ ಪಾಠ ನಡೆದಿತ್ತು. ಕವಿಯು ಪೂರ್ವಕವಿಗಳಿಂದ ಅರ್ಥವನ್ನು ಎತ್ತಿಕೊಳ್ಳುವ ನಾಲ್ಕು ಬಗೆಗಳನ್ನು ವಿವರಿಸಿ ಮುಗಿಸುವಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು, ಮ್ಯಾಶಪ್ಪನ್ನು ಈ ನಾಲ್ಕರಲ್ಲಿ ಯಾವುದಕ್ಕೆ ಸೇರಿಸಬೇಕೆಂದು ಕೇಳಿದಳು. ಯಾವುದಕ್ಕೂ ಸೇರಿಸಬೇಕಾಗಿಲ್ಲ, ಅದು ಬರಿಯ ಕಳವು ಎಂದು ಉತ್ತರವಿತ್ತು ನಾವು ಪಾಠವನ್ನು ಮುಂದುವರಿಸಿದೆವು. ತರಗತಿ ನಕ್ಕಿತು, ಆಕೆ ಕುಳಿತಳು. ಆ ಉತ್ತರವನ್ನು ಕೊಡುವಾಗ ನಾವು ಒಂದೇ ಒಂದು ಮ್ಯಾಶಪ್ಪನ್ನೂ ಕೇಳಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೃತಿಯನ್ನು ಓದದೆ ತೀರ್ಪು ಕೊಟ್ಟ ವಿದ್ಯಾರ್ಥಿಯ ಉತ್ತರಪತ್ರಿಕೆಗೆ ನಾವು ಎಷ್ಟು ಅಂಕ ಕೊಡುತ್ತಿದ್ದೆವೋ ನಮ್ಮ ಉತ್ತರಕ್ಕೂ ಅಷ್ಟೇ ಸಲ್ಲುತ್ತದೆ. ಆ ಮೇಲೆ ಸಂಜೆಯ ಬಿಡುವಿನಲ್ಲಿ ಈ ಮೂರು ಬಗೆಯ ಕೃತಿಗಳನ್ನು ಹುಡುಕಿ ಕೇಳತೊಡಗಿದೆವು. ಕೇಳಿದುದರಲ್ಲಿ ಹೊಟ್ಟೇ ಹೆಚ್ಚು. ಆದರೆ ಕಾಳೂ ಇದೆ. ಹೊಟ್ಟನ್ನೂ ಕಾಳನ್ನೂ ಬೇರ್ಪಡಿಸುವ ಮೊರ ಯಾವುದು ಎಂಬುದೇ ಇಲ್ಲಿಯ ಪ್ರಶ್ನೆ.

2

ಮೊದಲು ಮೂರು ಹೆಸರುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಲೇಸು. ಒಬ್ಬರು ಹಾಡಿ ಮುದ್ರಿಸಿದ ಗೀತವನ್ನು ಮತ್ತೊಬ್ಬರು ತಮ್ಮ ಕಂಠದಲ್ಲಿ, ತಮ್ಮ ವಾದ್ಯಗಳೊಡನೆ ಹೊಸದಾಗಿ ಹಾಡಿದರೆ ಅದು ಕವರ್. ಇಲ್ಲಿ ಎರವಲಾಗಿ ಬರುವುದು ಗೀತ, ಕಂಠ ಹೊಸದು. ಆಗಲೇ ಮುದ್ರಿತವಾದ ನಾದವನ್ನೇ ತೆಗೆದುಕೊಂಡು ಅದರ ಪದರಗಳನ್ನು ಬಿಡಿಸಿ, ಕೆಲವನ್ನು ಹಿಗ್ಗಿಸಿ ಕೆಲವನ್ನು ಅಳಿಸಿ, ಬೇರೊಂದು ಹೊಂದಿಕೆಯಲ್ಲಿ ಮತ್ತೆ ಕೂಡಿಸಿದರೆ ಅದು ರೀಮಿಕ್ಸ್. ಇಲ್ಲಿ ಕಂಠವೂ ಎರವಲೇ. ಹೊಸದು ಅದರ ಪರಿಸರ. ಒಂದು ಮುದ್ರಿಕೆಯ ಗಾಯನವನ್ನು ಇನ್ನೊಂದು ಮುದ್ರಿಕೆಯ ವಾದ್ಯದ ಮೇಲೆ ಕೂರಿಸಿ ಎರಡನ್ನೂ ಏಕಕಾಲದಲ್ಲಿ ಕೇಳುವಂತೆ ಮಾಡಿದರೆ ಅದು ಮ್ಯಾಶಪ್. ಇದರಲ್ಲಿ ಕರ್ತೃ ತನ್ನದೆಂದು ಹೇಳಿಕೊಳ್ಳಬಹುದಾದ ಒಂದು ಸ್ವರವೂ ಇರಬೇಕಾಗಿಲ್ಲ. ಆತ ಸೃಷ್ಟಿಸುವುದು ಎರಡು ವಸ್ತುಗಳ ನಡುವಣ ಸಂಬಂಧವನ್ನು ಮಾತ್ರ.

ಮೂರರಲ್ಲಿಯೂ ತೆಗೆದುಕೊಳ್ಳುವ ಪದಾರ್ಥ ಬೇರೆಯಾಗಿರುವುದರಿಂದ ಮೂರನ್ನೂ ಒಂದೇ ಗಜದಿಂದ ಅಳೆಯುವುದು ಸರಿಯಲ್ಲ. ಅಂತರ್ಜಾಲದಲ್ಲಿ ಈ ವಿಷಯವಾಗಿ ನಡೆಯುವ ಹೊಗಳಿಕೆ ತೆಗಳಿಕೆಗಳಲ್ಲಿ ಕಾಣುವ ಗೊಂದಲಕ್ಕೆ ಇದೇ ಕಾರಣವೆಂದು ತೋರುತ್ತದೆ.

ಎರವಲಿನ ವಿಚಾರದಲ್ಲಿ ನಮ್ಮ ಆಲಂಕಾರಿಕರು ಆಗಲೇ ಸಾಕಷ್ಟು ಯೋಚಿಸಿದ್ದಾರೆ. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕವಿಗಳ ನಡುವಣ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಕನ್ನಡಿಯ ಬಿಂಬದಂತಿರುವುದು, ಚಿತ್ರಪಟದಂತಿರುವುದು, ಒಂದೇ ಬಗೆಯ ಮೈಯುಳ್ಳ ಇಬ್ಬರು ಮನುಷ್ಯರಂತಿರುವುದು. ಬಿಂಬಕ್ಕೆ ಬೇರೆ ಜೀವವಿಲ್ಲ. ಚಿತ್ರಕ್ಕೆ ಇರುವ ಜೀವ ಅತ್ಯಲ್ಪ. ಆದ್ದರಿಂದ ಅವೆರಡೂ ತ್ಯಾಜ್ಯ. ಆದರೆ ಒಬ್ಬನ ಮೈ ಇನ್ನೊಬ್ಬನನ್ನು ಹೋಲುತ್ತದೆಂಬ ಕಾರಣಕ್ಕೆ ಅವನಿಗೆ ಸ್ವಂತ ಜೀವವಿಲ್ಲವೆಂದು ಯಾರೂ ಹೇಳುವುದಿಲ್ಲ. ಅಂಥ ಹೋಲಿಕೆಯನ್ನು ಕವಿ ಬಿಡಬೇಕಾಗಿಲ್ಲ. ರಾಜಶೇಖರನು ಇವುಗಳಿಗೆ ಪರಪುರಪ್ರವೇಶವೆಂಬ ನಾಲ್ಕನೆಯದೊಂದನ್ನು ಸೇರಿಸುತ್ತಾನೆ. ಯೋಗಿಯು ಬೇರೊಂದು ದೇಹವನ್ನು ಹೊಗುವಂತೆ, ಮೂಲವಸ್ತು ಒಂದೇ ಆಗಿದ್ದು ಅದರ ಸುತ್ತಣ ಪರಿಕರವೆಲ್ಲ ಬಹು ದೂರಕ್ಕೆ ಸರಿದಿರುವುದು ಅದರ ಲಕ್ಷಣ. ಈ ನಾಲ್ಕು ಮಾತುಗಳು ಹತ್ತು ಶತಮಾನಗಳ ಅನಂತರವೂ ನಮಗೆ ಎಷ್ಟು ದೂರ ಉಪಯೋಗಕ್ಕೆ ಬರುವುವು, ಎಲ್ಲಿ ಬಂದು ನಿಲ್ಲುವುವು ಎಂಬುದನ್ನು ಈಗ ನೋಡಬಹುದು.

3

ಕವರ್ ಹಾಡುಗಳಲ್ಲಿ ಹೆಚ್ಚಿನವು ಬಿಂಬಗಳೇ. 1980ರ ದಶಕದ ಕ್ಯಾಸೆಟ್ಟಿನ ಕಾಲದಲ್ಲಿ ಹಳೆಯ ಹಿಂದೀ ಚಿತ್ರಗೀತೆಗಳನ್ನು ಬೇರೆ ಗಾಯಕರಿಂದ ಅದೇ ಧಾಟಿಯಲ್ಲಿ ಹಾಡಿಸಿ ಅಗ್ಗದ ಬೆಲೆಗೆ ಮಾರುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಮೂಲದ ನೆನಪನ್ನು ಕಡಿಮೆ ಖರ್ಚಿನಲ್ಲಿ ಒದಗಿಸುವುದಷ್ಟೇ ಅವುಗಳ ಉದ್ದೇಶ. ಇಂದು ಅಂತರ್ಜಾಲದಲ್ಲಿ ಗಿಟಾರೊಂದನ್ನು ಹಿಡಿದು, ಲಯವನ್ನು ಸ್ವಲ್ಪ ನಿಧಾನಗೊಳಿಸಿ, ಕಂಠವನ್ನು ತಗ್ಗಿಸಿ ಹಾಡುವ ಕವರ್‌ಗಳು ಲೆಕ್ಕವಿಲ್ಲದಷ್ಟಿವೆ. ಇವು ಚಿತ್ರಪಟದ ಜಾತಿಗೆ ಸೇರಿದವು: ಬಣ್ಣ ಬೇರೆ, ಜೀವ ಕಡಿಮೆ. ಕೇಳುವಾಗ ಹಿತವಾಗಿರುತ್ತವೆ, ಕೇಳಿ ಮುಗಿದ ಮೇಲೆ ಏನನ್ನೂ ಉಳಿಸುವುದಿಲ್ಲ.

ಇವುಗಳಿಂದ ಬೇರೆಯಾಗಿ ನಿಲ್ಲುವ ಕವರ್ ಯಾವುದೆಂದರೆ, ಅಮೆರಿಕದ ಜಾನಿ ಕ್ಯಾಶ್ 2002ರಲ್ಲಿ ಹಾಡಿದ 'ಹರ್ಟ್'. ಈ ಗೀತವನ್ನು ರಚಿಸಿದವರು ನೈನ್ ಇಂಚ್ ನೇಲ್ಸ್ ತಂಡದ ಟ್ರೆಂಟ್ ರೆಜ್ನರ್. ಅದು 1994ರಲ್ಲಿ ಬೆಳಕಿಗೆ ಬಂದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ತನ್ನನ್ನು ತಾನೇ ನೋಯಿಸಿಕೊಳ್ಳುವ ತರುಣನೊಬ್ಬನ ಹತಾಶೆ ಅಲ್ಲಿಯ ವಸ್ತು. ಕರ್ಕಶವಾದ ಯಂತ್ರನಾದ ಅದರ ಆವರಣ. ಕ್ಯಾಶ್ ಅದನ್ನು ಹಾಡಿದಾಗ ಅವರ ವಯಸ್ಸು ಎಪ್ಪತ್ತು, ದೇಹ ಜರ್ಜರವಾಗಿತ್ತು. ವಾದ್ಯಗಳೆಂದರೆ ಗಿಟಾರು, ಪಿಯಾನೊ, ಇಷ್ಟೇ ಎನ್ನಬೇಕು. ಸಾಹಿತ್ಯದಲ್ಲಿ ಅವರು ಮಾಡಿದ ಮುಖ್ಯ ಬದಲಾವಣೆ ಒಂದು: ಮೂಲದ ಕಿರೀಟದ ಪ್ರತಿಮೆಗೆ ಅಂಟಿಕೊಂಡಿದ್ದ ಅಶ್ಲೀಲ ಪದವನ್ನು ಕಿತ್ತು ಅಲ್ಲಿ ಕ್ರಿಸ್ತನ ಮುಳ್ಳಿನ ಕಿರೀಟವನ್ನು ತಂದರು. ಆದರೆ ಅರ್ಥ ಬದಲಾದುದು ಈ ಒಂದು ಪದದಿಂದಲ್ಲ. ತರುಣನ ಬಾಯಲ್ಲಿ ಎಲ್ಲವೂ ಹಾಳಾಯಿತೆಂಬ ಮಾತು ಒಂದು ಬೆದರಿಕೆ. ಅದರಲ್ಲಿ ಮುಂದೆ ಬದುಕಬೇಕಾದ ವರ್ಷಗಳ ಭಯವಿದೆ. ಮುದುಕನ ಬಾಯಲ್ಲಿ ಅದೇ ಮಾತು ಲೆಕ್ಕ ಒಪ್ಪಿಸುವಿಕೆ. ನಡುಗುವ ಕಂಠವೇ ಇಲ್ಲಿ ವ್ಯಾಖ್ಯಾನವಾಗಿದೆ. ಮುಂದಿನ ವರ್ಷ, 2003ರ ಸೆಪ್ಟೆಂಬರಿನಲ್ಲಿ ಕ್ಯಾಶ್ ತೀರಿಕೊಂಡರು. ಕ್ಯಾಶ್ ಅವರ ಆವೃತ್ತಿಯನ್ನು ಕಂಡು ಕೇಳಿದ ಮೇಲೆ ಆ ಹಾಡು ಇನ್ನು ತನ್ನದಲ್ಲವೆಂಬ ಭಾವನೆ ಬಂತೆಂದು ರೆಜ್ನರ್ ಹೇಳಿಕೊಂಡದ್ದುಂಟು. ಒಂದೇ ಬಗೆಯ ಮೈ, ಬೇರೆ ಜೀವ ಎಂಬ ಆನಂದವರ್ಧನನ ಮಾತಿಗೆ ಇದಕ್ಕಿಂತ ನೇರವಾದ ನಿದರ್ಶನ ಸಿಕ್ಕುವುದು ಕಷ್ಟ.

ನಮ್ಮದೇ ಪದವೊಂದರ ಉದಾಹರಣೆಯನ್ನು ಇದರ ಪಕ್ಕದಲ್ಲಿಡಬಹುದು. ವ್ಯಾಸರಾಯರ ಹೆಸರಿನಲ್ಲಿ ಪ್ರಸಿದ್ಧವಾಗಿರುವ 'ಕೃಷ್ಣಾ ನೀ ಬೇಗನೆ ಬಾರೋ' ಎಂಬುದನ್ನು ಯಮುನಾಕಲ್ಯಾಣಿಯಲ್ಲಿ ಕೇಳದ ಕನ್ನಡಿಗರು ವಿರಳ. ಸತ್ಯಜಿತ್ ರಾಯ್ ಅವರು 1976ರಲ್ಲಿ ತೆಗೆದ 'ಬಾಲಾ' ಎಂಬ ಸಾಕ್ಷ್ಯಚಿತ್ರದಲ್ಲಿ ಬಾಲಸರಸ್ವತಿಯವರು ಈ ಪದಕ್ಕೆ ಕಡಲ ತಡಿಯಲ್ಲಿ ಅಭಿನಯಿಸುತ್ತಾರೆ. ಕರೆ ಒಂದೇ, ಆದರೆ ಅದು ಮರಳಿ ಬಂದಾಗಲೆಲ್ಲ ಕರೆಯುವ ತಾಯಿಯ ಮನಸ್ಸು ಬೇರೆಯಾಗಿರುತ್ತದೆ: ಒಮ್ಮೆ ಮುದ್ದು, ಒಮ್ಮೆ ಹುಸಿಮುನಿಸು, ಒಮ್ಮೆ ಕಾತರ. ನಮ್ಮ ಸಂಚಾರಿ, ನೆರವಲುಗಳು ಮರುಹಾಡಿಕೆಯನ್ನು ಒಂದೇ ಹಾಡಿನ ಒಳಗೇ ಅಳವಡಿಸಿಕೊಂಡಿವೆಯೆಂಬುದನ್ನು ಇದು ನೆನಪಿಗೆ ತರುತ್ತದೆ.

ಇಪ್ಪತ್ತು ವರ್ಷಗಳ ಅನಂತರ, 1996ರಲ್ಲಿ, ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಅವರು ಕೊಲೋನಿಯಲ್ ಕಸಿನ್ಸ್ ಎಂಬ ಹೆಸರಿನಲ್ಲಿ ಇದೇ ಪಲ್ಲವಿಯನ್ನು ಇಂಗ್ಲಿಷ್ ನುಡಿಗಳೊಡನೆ ಹೆಣೆದು ಹಾಡಿದರು. ಕನ್ನಡ ತಿಳಿಯದ ಲಕ್ಷಾಂತರ ಜನ ಈ ಪದವನ್ನು ಮೊದಲು ಕೇಳಿದ್ದು ಅವರಿಂದಲೇ. ಹರಿಹರನ್ ಅವರ ಕಂಠ ಪಲ್ಲವಿಯನ್ನು ಎತ್ತಿಕೊಂಡಾಗ ಉಂಟಾಗುವ ಆನಂದವನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಂಗ್ಲಿಷ್ ಭಾಗಗಳು ನೊಂದ ಲೋಕವನ್ನು ಉದ್ಧರಿಸಲು ಹಲವು ಧರ್ಮಗಳ ದೇವರನ್ನು ಕರೆಯುತ್ತವೆ. ಮೂಲದ ಪದದಲ್ಲಿ ತಾಯಿ ಕರೆಯುವುದು ಗೆಜ್ಜೆಗಾಲಿನ ಒಂದು ಮಗುವನ್ನು. ಆ ಮಗು ಬಾಯಲ್ಲಿ ಬ್ರಹ್ಮಾಂಡವನ್ನು ತೋರಿದಾಗ, ಕರೆದದ್ದು ಯಾರನ್ನು ಎಂಬುದು ಕೇಳುವವನಿಗೆ ಥಟ್ಟನೆ ಹೊಳೆಯುತ್ತದೆ. ಮಗುವಿನ ಹಿಂದೆ ಮರೆಯಾಗಿದ್ದ ಲೋಕನಾಥನನ್ನು ಕೊಲೋನಿಯಲ್ ಕಸಿನ್ಸ್ ಮೊದಲೇ ಮುಂದಕ್ಕೆ ತಂದು ನಿಲ್ಲಿಸಿದರು. ವ್ಯಂಗ್ಯವಾಗಿದ್ದುದು ವಾಚ್ಯವಾಯಿತು, ಲೋಕನಾಥ ಬಂದ, ಮಗು ಹೊರಟುಹೋಯಿತು. ಹಾಡು ಜನಪ್ರಿಯವಾದುದಕ್ಕೂ, ರಸಿಕನಿಗೆ ಎಲ್ಲೋ ಒಂದು ಕೊರತೆ ಕಾಣುವುದಕ್ಕೂ ಕಾರಣ ಇದೊಂದೇ ಎಂದು ನಮ್ಮ ಅಭಿಪ್ರಾಯ.

4

ರೀಮಿಕ್ಸ್ ಎಂಬ ಮಾತು ನಮ್ಮಲ್ಲಿ ಕೆಟ್ಟ ಹೆಸರು ಪಡೆದಿದೆ. 2000ರ ದಶಕದ ಮೊದಲ ವರ್ಷಗಳಲ್ಲಿ ಹಳೆಯ ಹಿಂದೀ ಚಿತ್ರಗೀತೆಗಳಿಗೆ ಯಂತ್ರದ ತಾಳವನ್ನು ಜೋಡಿಸಿ ಕುಣಿತಕ್ಕೆ ಒದಗಿಸಿದ ಮುದ್ರಿಕೆಗಳನ್ನೇ ನಾವು ರೀಮಿಕ್ಸ್ ಎಂದು ಕರೆದೆವು. ಅವುಗಳಲ್ಲಿ ಹಲವು ಹೊಸ ಕಂಠದಲ್ಲಿ ಹಾಡಿಸಿದವಾದ್ದರಿಂದ ಆ ಹೆಸರೂ ಅವಕ್ಕೆ ಪೂರ್ತಿ ಸಲ್ಲದು. ಕ್ಷೇಮೇಂದ್ರನು ಔಚಿತ್ಯವನ್ನು ವಿವರಿಸುತ್ತ, ಕೊರಳಿಗೆ ಡಾಬನ್ನೂ ಸೊಂಟಕ್ಕೆ ಹಾರವನ್ನೂ ತೊಟ್ಟವರನ್ನು ಕಂಡು ನಗದವರಾರು ಎಂಬರ್ಥದ ಮಾತನ್ನಾಡುತ್ತಾನೆ. ಮೆಲುದನಿಯ ಒಂದು ಸಾಲಿಗೆ ಮದ್ದಿನ ಸದ್ದಿನಂಥ ತಾಳವನ್ನು ಕಟ್ಟುವುದು ಈ ಜಾತಿಯ ಅನೌಚಿತ್ಯ.

ಆದರೆ ಈ ಕಲೆಯ ಒಂದು ಮುಖ್ಯವಾದ ಮೂಲವನ್ನು ಹುಡುಕಿಕೊಂಡು ಹೋದರೆ ಅಲ್ಲಿ ಕಾಣುವುದು ಸೇರಿಸುವ ಕೆಲಸವಲ್ಲ, ತೆಗೆಯುವ ಕೆಲಸ. ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ ಕಿಂಗ್ ಟಬ್ಬಿ ಎಂದು ಹೆಸರಾಗಿದ್ದ ಆಸ್ಬರ್ನ್ ರಡಕ್ (1941-1989) ವಿದ್ಯುತ್ ಉಪಕರಣಗಳನ್ನು ರಿಪೇರಿ ಮಾಡುವ ಕಸುಬಿನವರು. ಅಲ್ಲಿ ಮುದ್ರಿಕೆಯ ಒಂದು ಮಗ್ಗುಲಲ್ಲಿ ಹಾಡನ್ನೂ ಇನ್ನೊಂದು ಮಗ್ಗುಲಲ್ಲಿ ಗಾಯನವಿಲ್ಲದ ಅದರ ರೂಪವನ್ನೂ ಅಚ್ಚುಹಾಕುವ ಪದ್ಧತಿ ಬೆಳೆದಿತ್ತು. 1970ರ ದಶಕದಲ್ಲಿ ಟಬ್ಬಿ ಈ ಎರಡನೆಯ ಮಗ್ಗುಲನ್ನೇ ಒಂದು ಕಲೆಯಾಗಿ ಮಾಡಿದರು. ಅದಕ್ಕೆ ಡಬ್ ಎಂದು ಹೆಸರು. ಜೇಕಬ್ ಮಿಲ್ಲರ್ ಹಾಡಿದ, ಆಗಸ್ಟಸ್ ಪಾಬ್ಲೊ ಸಿದ್ಧಗೊಳಿಸಿದ ಒಂದು ಸಾಧಾರಣ ಪ್ರೇಮಗೀತೆಯನ್ನು ಅವರು 'ಕಿಂಗ್ ಟಬ್ಬಿ ಮೀಟ್ಸ್ ರಾಕರ್ಸ್ ಅಪ್‌ಟೌನ್' ಎಂಬ ಡಬ್ ಆಗಿ ಮಾರ್ಪಡಿಸಿದ ಬಗೆಯನ್ನು ನೋಡಬಹುದು. ಮದ್ದಳೆಯ ಸ್ಥಾನದಲ್ಲಿರುವ ಡ್ರಮ್ಮು, ಕೆಳಸ್ಥಾಯಿಯ ಬೇಸ್ ಗಿಟಾರು ಇವೆರಡೂ ಮುಂದಕ್ಕೆ ಬರುತ್ತವೆ. ಗಾಯಕನ ಕಂಠ ಒಂದೆರಡು ಪದಗಳನ್ನು ಆಡುವಷ್ಟರಲ್ಲಿ ಕತ್ತರಿಸಿಹೋಗಿ ಪ್ರತಿಧ್ವನಿಯಲ್ಲಿ ಕರಗುತ್ತದೆ. ಪ್ರೀತಿಯನ್ನು ಪೂರ್ತಿಯಾಗಿ ಹೇಳಿ ಮುಗಿಸಿದ್ದ ಮೂಲಗೀತೆ ಸ್ವಲ್ಪ ಹೊತ್ತಿನಲ್ಲಿ ಮರೆತುಹೋಗುವಂಥದು; ಹೇಳಲಾರದೆ ತಡೆತಡೆದು ನಿಲ್ಲುವ ಡಬ್ ಮನಸ್ಸಿನಲ್ಲಿ ಉಳಿಯುತ್ತದೆ. ಟಬ್ಬಿ ತಮ್ಮದೊಂದು ಪದವನ್ನೂ ಸೇರಿಸಲಿಲ್ಲ. ಕಂಠ ಅದೇ, ಹಾಡು ಅದೇ, ಪರಿಕರ ಮಾತ್ರ ಬಹು ದೂರ. ರಾಜಶೇಖರನ ಪರಪುರಪ್ರವೇಶಕ್ಕೆ ಇದು ಒಪ್ಪುತ್ತದೆ. ಒಳ್ಳೆಯ ರೀಮಿಕ್ಸಿನಲ್ಲಿ ಪರೀಕ್ಷಿಸಬೇಕಾದುದು ಏನು ಸೇರಿತೆಂಬುದನ್ನಲ್ಲ. ಬದಲಾದ ಪರಿಸರದಲ್ಲಿ ಹಳೆಯ ಕಂಠಕ್ಕೆ ಹೊಸ ಕಾರಣ ದೊರೆಯಿತೇ ಎಂಬುದನ್ನು.

5

ಮ್ಯಾಶಪ್ಪಿನ ಬಳಿಗೆ ಬಂದಾಗ ನಾಲ್ಕು ಬಗೆಗಳೂ ನಮ್ಮ ಕೈಬಿಡುತ್ತವೆ. ಅವುಗಳಲ್ಲೆಲ್ಲ ಒಬ್ಬ ಮೂಲಕವಿ, ಅವನಿಂದ ತೆಗೆದುಕೊಳ್ಳುವ ಒಬ್ಬ ಕವಿ ಇರುತ್ತಾರೆ. ಇಲ್ಲಿ ಮೂಲಗಳು ಎರಡು. ತೆಗೆದುಕೊಳ್ಳುವವನು ತನ್ನದೇನನ್ನೂ ಹೇಳುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಕಳ್ಳನಲ್ಲದ ಕವಿಯಿಲ್ಲ, ಮರೆಮಾಚಲು ಬಲ್ಲವನು ಸುಖವಾಗಿರುತ್ತಾನೆ ಎಂಬ ಅಭಿಪ್ರಾಯವನ್ನು ರಾಜಶೇಖರನು ವಿನೋದವಾಗಿ ಸೂಚಿಸುತ್ತಾನೆ. ಮ್ಯಾಶಪ್ಪಿನ ಕರ್ತೃ ಮರೆಮಾಚಿದರೆ ಅವನ ಕೃತಿಯೇ ಇಲ್ಲವಾಗುತ್ತದೆ. ಕೇಳುವವನು ಎರಡು ಮೂಲಗಳನ್ನೂ ಗುರುತಿಸಿದಾಗಲೇ ಅದರ ಸ್ವಾರಸ್ಯ. ಬಚ್ಚಿಡದೆ ಎದುರಿಗಿಟ್ಟು ತೋರಿಸುವುದನ್ನು ಕಳವೆಂದು ಕರೆಯುವುದು ಹೇಗೆ? ನಮ್ಮ ಮೊದಲ ಉತ್ತರ ತಪ್ಪೆಂದು ನಮಗೆ ತೋರಿದುದು ಇಲ್ಲಿಯೇ.

ಆದ್ದರಿಂದ ಇದರ ಬಂಧುಗಳನ್ನು ಅರ್ಥಹರಣದ ಪ್ರಕರಣದಲ್ಲಿ ಹುಡುಕದೆ ಸಮಸ್ಯಾಪೂರಣದಲ್ಲಿಯೂ ಶ್ಲೇಷದಲ್ಲಿಯೂ ಹುಡುಕಬೇಕು. ಈ ದಾರಿಯಲ್ಲಿ ನಡೆದ ಮಹಾಸಾಹಸವೊಂದು ನಮ್ಮ ನಾಡಿನಲ್ಲಿಯೇ ಇದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜಿನಸೇನಾಚಾರ್ಯನು 'ಪಾರ್ಶ್ವಾಭ್ಯುದಯ'ವೆಂಬ ಸಂಸ್ಕೃತ ಕಾವ್ಯವನ್ನು ಬರೆದನು. ಪಂಪನ ಆದಿಪುರಾಣಕ್ಕೆ ಆಧಾರವಾದ ಪೂರ್ವಪುರಾಣದ ಕರ್ತೃವೂ ಈತನೇ. ನಾಲ್ಕು ಸರ್ಗಗಳ ಈ ಕಾವ್ಯದ ಪ್ರತಿ ಪದ್ಯದಲ್ಲಿಯೂ ಕಾಳಿದಾಸನ ಮೇಘದೂತದ ಒಂದು ಸಾಲೋ ಎರಡು ಸಾಲೋ ಇದ್ದ ಹಾಗೆಯೇ ಬರುತ್ತವೆ. ಕಾವ್ಯ ಮುಗಿಯುವ ವೇಳೆಗೆ ಮೇಘದೂತವೆಲ್ಲ ಅದರೊಳಗೆ ಸೇರಿಹೋಗಿರುತ್ತದೆ. ವಿರಹಿ ಯಕ್ಷ ನಲ್ಲೆಗಾಗಿ ಮೋಡದೊಡನೆ ಆಡಿದ ಮಾತುಗಳು ಇಲ್ಲಿ ಪಾರ್ಶ್ವನಾಥನ ತಪಸ್ಸನ್ನು ಕೆಡಿಸಲು ಬಂದ ಶಂಬರನ ಕಥೆಗೆ ಒದಗುತ್ತವೆ. ಒಂದು ಕಡೆ ಶೃಂಗಾರ, ಇನ್ನೊಂದು ಕಡೆ ಕದಲದೆ ನಿಂತ ಶಾಂತ. ಮೇಘದೂತ ಬಾಯಿಗೆ ಬರುವ ಓದುಗನಿಗೆ ಇಲ್ಲಿ ಎರಡು ಕಾವ್ಯಗಳು ಒಟ್ಟಿಗೆ ಕೇಳಿಸುತ್ತವೆ. ಕಾಳಿದಾಸನ ಸಾಲಿನ ಸೊಬಗು ಹೆಚ್ಚಿದಷ್ಟೂ ಶಂಬರನ ಒಡ್ಡುವಿಕೆ ಬಲವಾಗುತ್ತದೆ, ಪಾರ್ಶ್ವನ ಮೌನವೂ ಬಲವಾಗುತ್ತದೆ. ಎಲ್ಲ ಪದ್ಯಗಳಲ್ಲಿಯೂ ಈ ಬೆಸುಗೆ ಸಹಜವಾಗಿದೆಯೆಂದು ಹೇಳಲಾಗದು. ಕೆಲವೆಡೆ ಸಾಲಿಗಾಗಿ ಅರ್ಥವನ್ನು ಬಗ್ಗಿಸಿದಂತೆ ತೋರುತ್ತದೆ. ಆದರೂ ಮೇಘದೂತದ ಹಳೆಯ ಪಾಠವನ್ನು ನಿರ್ಣಯಿಸಲು ಕೆ. ಬಿ. ಪಾಠಕರಂಥ ವಿದ್ವಾಂಸರು ಈ ಕಾವ್ಯವನ್ನು ಆಶ್ರಯಿಸಿದರೆಂಬುದು ಗಮನಾರ್ಹ. ಎರವಲು ಪಡೆದ ಕೃತಿಯೇ ಮೂಲಕ್ಕೆ ಕಾವಲಾಯಿತು.

ಈ ಹಿನ್ನೆಲೆಯಲ್ಲಿ 'ದಿ ಗ್ರೇ ಆಲ್ಬಮ್' ಎಂಬ ಪ್ರಸಿದ್ಧವಾದ ಮ್ಯಾಶಪ್ಪನ್ನು ಪರಿಶೀಲಿಸಬಹುದು. ಅಮೆರಿಕದ ರ‍್ಯಾಪ್ ಕವಿ ಜೇ-ಝೀ 2003ರಲ್ಲಿ 'ದಿ ಬ್ಲ್ಯಾಕ್ ಆಲ್ಬಮ್' ಹೊರತಂದರು. ಅದರ ಗಾಯನಭಾಗ ವಾದ್ಯವಿಲ್ಲದೆ ಪ್ರತ್ಯೇಕವಾಗಿಯೂ ದೊರೆಯುತ್ತಿತ್ತು. ಬೀಟಲ್ಸ್ ತಂಡ 1968ರಲ್ಲಿ ಹೊರತಂದ ಮುದ್ರಿಕೆಯೊಂದು ತನ್ನ ಬಿಳಿಯ ಹೊದಿಕೆಯಿಂದಾಗಿ 'ವೈಟ್ ಆಲ್ಬಮ್' ಎಂದು ಹೆಸರಾಗಿದೆ. ಡೇಂಜರ್ ಮೌಸ್ ಎಂಬ ಹೆಸರಿನ ಬ್ರಿಯನ್ ಬರ್ಟನ್ 2004ರಲ್ಲಿ ಕಪ್ಪಿನ ಗಾಯನವನ್ನು ಬಿಳಿಯ ವಾದ್ಯದ ಮೇಲೆ ಕೂರಿಸಿ ಬೂದುಬಣ್ಣವನ್ನು ಪಡೆದರು. ವಾದ್ಯವೆಲ್ಲ ಆ ಒಂದೇ ಬೀಟಲ್ಸ್ ಮುದ್ರಿಕೆಯಿಂದ ಬರಬೇಕೆಂಬುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟು. ಜಿನಸೇನನು ಹಾಕಿಕೊಂಡುದೂ ಇಂಥದೇ ಕಟ್ಟನ್ನು.

ಇದರಲ್ಲಿ 'ಡಿಸೆಂಬರ್ ಫೋರ್ತ್' ಎಂಬ ಭಾಗವನ್ನು ಆರಿಸಿಕೊಳ್ಳೋಣ. ಅದು ಜೇ-ಝೀ ಹುಟ್ಟಿದ ದಿನ. ಅವರ ತಾಯಿ ತನ್ನ ಮಾತಿನಲ್ಲಿಯೇ ಮಗನ ಹುಟ್ಟನ್ನೂ ಬಾಲ್ಯವನ್ನೂ ಹೇಳುತ್ತಾರೆ. ನಡುನಡುವೆ ಮಗ, ಬ್ರೂಕ್ಲಿನ್ನಿನ ಬಡವರ ವಸತಿಯಲ್ಲಿ ತಂದೆಯಿಲ್ಲದೆ ಬೆಳೆದದ್ದನ್ನೂ ಮಾದಕವಸ್ತುಗಳ ಮಾರಾಟಕ್ಕೆ ಇಳಿದದ್ದನ್ನೂ ಹಾಡುತ್ತಾರೆ. ಬ್ಲ್ಯಾಕ್ ಆಲ್ಬಮಿನಲ್ಲಿ ಇದರ ಹಿಂದೆ ತುಂಬಿದ ವಾದ್ಯಮೇಳವಿದ್ದು, ಗೆದ್ದು ನಿಂತವನ ಆತ್ಮಕಥೆಯ ಗತ್ತು ಇದಕ್ಕೆ ಬಂದಿತ್ತು. ಬರ್ಟನ್ ಆ ಮೇಳವನ್ನು ಕಿತ್ತು 'ಮದರ್ ನೇಚರ್ಸ್ ಸನ್' ಎಂಬ ಬೀಟಲ್ಸ್ ಗೀತೆಯ ಗಿಟಾರನ್ನು ಅಲ್ಲಿರಿಸಿದರು. ಬೀಟಲ್ಸ್ 1968ರಲ್ಲಿ ಹೃಷಿಕೇಶದಲ್ಲಿ ಮಹರ್ಷಿ ಮಹೇಶ ಯೋಗಿಗಳ ಬಳಿ ತಂಗಿದ್ದ ದಿನಗಳ ಪ್ರೇರಣೆಯಿಂದ ಬಂದ ಗೀತೆ ಅದು. ಪ್ರಕೃತಿಯ ಮಡಿಲಲ್ಲಿ ನಿಶ್ಚಿಂತನಾಗಿ ಹಾಡುತ್ತ ಕುಳಿತ ಬಡ ಹುಡುಗನೊಬ್ಬನ ಚಿತ್ರ. ಈಗ ಎರಡೂ ಕೂಡಿದಾಗ ಏನಾಗುತ್ತದೆ? ಗತ್ತು ಕಳಚಿಹೋಗಿ, ತಾಯಿಯ ನೆನಪು ಅಡುಗೆಮನೆಯ ಮಾತಿನಷ್ಟು ಹತ್ತಿರಕ್ಕೆ ಬರುತ್ತದೆ. ಇಷ್ಟೇ ಅಲ್ಲ, ಬೀಟಲ್ಸ್ ಗೀತೆಗೆ ಮರಳಿ ಹೋದಾಗ ಅದೂ ಮೊದಲಿನಂತಿರುವುದಿಲ್ಲ. ಹುಲ್ಲುಗಾವಲು ಎಲ್ಲ ಬಡ ಹುಡುಗರಿಗೂ ದೊರೆಯಿತೇ ಎಂಬ ಪ್ರಶ್ನೆಯನ್ನು ಆ ಗೀತೆಯ ಮಗ್ಗುಲಲ್ಲಿ ಈಗ ಯಾರೋ ಕೇಳುತ್ತಿರುವಂತಿದೆ. ಶ್ಲೇಷದಲ್ಲಿ ಎರಡು ಅರ್ಥಗಳೂ ಜೀವಂತವಾಗಿರಬೇಕೆನ್ನುವಂತೆ ಇಲ್ಲಿ ಎರಡು ಬಾಲ್ಯಗಳೂ ಜೀವಂತವಾಗಿವೆ.

ಈ ಕೃತಿಯ ಎಲ್ಲ ಭಾಗಗಳೂ ಹೀಗಿಲ್ಲ. ಬೀಟಲ್ಸ್ ನಾದವನ್ನು ಗುರುತು ಸಿಕ್ಕದಷ್ಟು ಸಣ್ಣದಾಗಿ ಕತ್ತರಿಸಿ ತಾಳಕ್ಕೆ ಬಳಸಿದ ಕಡೆಗಳಲ್ಲಿ ಎರಡನೆಯ ಅರ್ಥ ಸತ್ತು, ಉಳಿಯುವುದು ಕುಶಲವಾದ ಪಕ್ಕವಾದ್ಯವಷ್ಟೆ. ಮ್ಯಾಶಪ್ಪಿನ ಪರೀಕ್ಷೆ ಇದರಿಂದ ಹೊರಡುತ್ತದೆ: ಎರಡರಲ್ಲಿ ಒಂದು ಇನ್ನೊಂದರ ಆಳಾದರೆ ಅದು ಸೋತಿತು, ಎರಡೂ ಒಂದನ್ನೊಂದು ಪ್ರಶ್ನಿಸುವಂತಾದರೆ ಗೆದ್ದಿತು. ಎರಡು ಹಾಡುಗಳ ಶ್ರುತಿ ಲಯಗಳು ಹೊಂದುತ್ತವೆಂಬ ಚಮತ್ಕಾರವನ್ನಷ್ಟೇ ತೋರಿಸುವ ಮ್ಯಾಶಪ್ಪುಗಳು ಅಂತರ್ಜಾಲದಲ್ಲಿ ಸಾವಿರಗಟ್ಟಲೆ ಇವೆ. ಅವು ಚಿತ್ರಕಾವ್ಯಕ್ಕೆ ಸಮಾನ; ಒಮ್ಮೆ ನಕ್ಕು ಮುಂದಕ್ಕೆ ಹೋಗಬಹುದು.

6

ಇಷ್ಟು ಹೇಳಿದ ಮಾತ್ರಕ್ಕೆ ಕಳವೆಂಬ ಆಕ್ಷೇಪಣೆ ಪೂರ್ತಿಯಾಗಿ ಬಿದ್ದುಹೋಗುವುದಿಲ್ಲ. ಗ್ರೇ ಆಲ್ಬಮಿಗೆ ಬೀಟಲ್ಸ್ ಮುದ್ರಿಕೆಗಳ ಹಕ್ಕು ಹೊಂದಿದ್ದ ಇಎಂಐ ಸಂಸ್ಥೆ ತಡೆಯೊಡ್ಡಿತು. ಪ್ರತಿಭಟನೆಯಾಗಿ 2004ರ ಫೆಬ್ರವರಿ 24ರಂದು ನೂರಕ್ಕೂ ಹೆಚ್ಚು ಜಾಲತಾಣಗಳು ಅದನ್ನು ಉಚಿತವಾಗಿ ಹಂಚಿದುವು. ಬಲಿಷ್ಠ ಸಂಸ್ಥೆಯ ಎದುರು ಒಂಟಿ ಕಲಾವಿದನೆಂಬ ಈ ಚಿತ್ರ ನಮ್ಮ ಸಹಾನುಭೂತಿಯನ್ನು ಸುಲಭವಾಗಿ ಗೆಲ್ಲುತ್ತದೆ. ಆದರೆ ಚಿತ್ರದ ಇನ್ನೊಂದು ಮುಖವನ್ನೂ ನೋಡಬೇಕು. 1969ರಲ್ಲಿ ದಿ ವಿನ್‌ಸ್ಟನ್ಸ್ ಎಂಬ ತಂಡದ 'ಆಮೆನ್, ಬ್ರದರ್' ಎಂಬ ಮುದ್ರಿಕೆಯಲ್ಲಿ ಗ್ರೆಗರಿ ಕೋಲ್‌ಮನ್ ಎಂಬ ಡ್ರಮ್ ವಾದಕರು ಮಿಕ್ಕ ವಾದ್ಯಗಳೆಲ್ಲ ನಿಂತಾಗ ಕೆಲವೇ ಸೆಕೆಂಡುಗಳ ಕಾಲ ಒಬ್ಬರೇ ನುಡಿಸಿದರು. ಆ ನಾಲ್ಕು ಆವರ್ತಗಳನ್ನು ಕತ್ತರಿಸಿಕೊಂಡು ಕಟ್ಟಿದ ಮುದ್ರಿಕೆಗಳು ಸಾವಿರಾರು. ಇಂಗ್ಲೆಂಡಿನ ಜಂಗಲ್ ಎಂಬ ಸಂಗೀತಪ್ರಕಾರವೇ ಬಹುಮಟ್ಟಿಗೆ ಅದರ ಮೇಲೆ ನಿಂತಿತು. 2006ರಲ್ಲಿ ತೀರಿಕೊಂಡ ಕೋಲ್‌ಮನ್ ಅವರಿಗೆ ಅದರಿಂದ ಒಂದು ಕಾಸೂ ಬರಲಿಲ್ಲ. ಅಭಿಮಾನಿಗಳು 2015ರಲ್ಲಿ ಚಂದಾ ಎತ್ತಿ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ ಸುಮಾರು 24,000 ಪೌಂಡುಗಳನ್ನು ಒಪ್ಪಿಸಿದರು. ಕೋಲ್‌ಮನ್ ಅದನ್ನು ಕಾಣಲು ಇರಲಿಲ್ಲ.

ಜಿನಸೇನನು ಕಾಳಿದಾಸನನ್ನು ಬಳಸಿಕೊಂಡಾಗ ಅದರ ಓದುಗರಿಗೆಲ್ಲ ಕಾಳಿದಾಸನ ಹೆಸರು ಗೊತ್ತಿತ್ತು. ಕೋಲ್‌ಮನ್ ಅವರ ಕೈಚಳಕಕ್ಕೆ ಕುಣಿದವರಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತಿತ್ತು? ಮರೆಮಾಚದೆ ತೋರಿಸುವುದು ಮ್ಯಾಶಪ್ಪಿನ ಧರ್ಮವೆಂದು ಮೇಲೆ ಹೇಳಿದೆವು. ಅದು ಬರಿಯ ರಸದ ಮಾತಾಗಿ ಉಳಿಯದೆ ಋಣದ ಮಾತೂ ಆಗಬೇಕೆಂದು ಇಲ್ಲಿ ತೋರುತ್ತದೆ. ನಮ್ಮ ದೇಶದ ಹಕ್ಕುಸ್ವಾಮ್ಯ ಶಾಸನಕ್ಕೆ 2012ರಲ್ಲಿ ಸೇರಿಸಿದ ಒಂದು ಕಲಮು ಕವರ್ ಆವೃತ್ತಿಗೆ ಇಂಥ ಕೆಲವು ಕಟ್ಟಳೆಗಳನ್ನು ವಿಧಿಸಿದೆ: ಮೊದಲ ಮುದ್ರಣದ ವರ್ಷ ಕಳೆದು 5 ವರ್ಷ ಮುಗಿಯುವ ತನಕ ಕಾಯಬೇಕು, ಕೃತಿಯ ಒಡೆಯರಿಗೆ ಸಂಭಾವನೆ ಸಲ್ಲಿಸಬೇಕು, ಹೊದಿಕೆಯ ಮೇಲೆ ಇದು ಕವರ್ ಎಂದು ಹೇಳಬೇಕು. ಕೊನೆಯ ಕಟ್ಟಳೆ ವಿಮರ್ಶಕನಿಗೂ ಒಪ್ಪಿಗೆಯಾಗತಕ್ಕದ್ದು.

7

ಇಂಥ ಕೃತಿಗಳನ್ನು ಹುಡುಕಿಕೊಳ್ಳುವ ಬಗೆಯನ್ನು ಕುರಿತು ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ಹಾಡೊಂದು ಮುಗಿದೊಡನೆ ಯಂತ್ರವೇ ಮುಂದಿನದನ್ನು ಆರಿಸಿ ಕೊಡುತ್ತದೆ. ಅದು ಆರಿಸುವುದು ಸಾಮಾನ್ಯವಾಗಿ ಹಿಂದಿನದನ್ನೇ ಹೋಲುವಂಥದನ್ನು. ಅದರ ಹಿಂದೆ ಹೋದರೆ ಬಿಂಬದಿಂದ ಬಿಂಬಕ್ಕೆ ಅಲೆಯಬೇಕಾದೀತು. ನಾವು ಅನುಸರಿಸಿದ ದಾರಿ ಬೇರೆ. ಕವರ್ ಇಷ್ಟವಾದರೆ ಅದೇ ಸಂಜೆ ಮೂಲವನ್ನು ಹುಡುಕಿ ಕೇಳುವುದು. ಕರ್ತೃವಿನ ಹೆಸರನ್ನೂ ವರ್ಷವನ್ನೂ ಬರೆದಿಟ್ಟುಕೊಳ್ಳುವುದು. ಅನಂತರ ಮರುಹಾಡಿಕೆಗೆ ಹಿಂದಿರುಗುವುದು. ಜಿನಸೇನನ ಓದುಗ ಮೇಘದೂತವನ್ನು ಕಂಠಪಾಠ ಮಾಡಿರಬೇಕಾಗಿತ್ತು. ಇಂದಿನ ಕೇಳುಗನಿಗೆ ಮೂಲವೂ ಅದರ ಮರುರೂಪವೂ ಪಕ್ಕಪಕ್ಕದಲ್ಲಿಯೇ ಇವೆ. ಅಂತರ್ಜಾಲ ನಮಗೆ ಮಾಡಿರುವ ನಿಜವಾದ ಉಪಕಾರ ಇದು. ಇದನ್ನು ಬಳಸಿಕೊಳ್ಳದೆ ಹೋದರೆ ತಪ್ಪು ನಮ್ಮದೇ.

ಹೀಗೆ ಮರಳಿ ಹೋದಾಗ ಮೂಲ ಇದ್ದಂತೆಯೇ ಇದ್ದರೆ ಮರುಹಾಡಿಕೆ ಬರಿಯ ಬಿಂಬ. ಮೂಲದಲ್ಲಿ ಇದ್ದೂ ಕೇಳದಿದ್ದ ಏನೋ ಒಂದು ಈಗ ಕೇಳಿಸಿದರೆ ಅದು ಕಾವ್ಯದ ಕೆಲಸ. ಬಾಬ್ ಡಿಲನ್ 1967ರಲ್ಲಿ ಮೆಲುವಾಗಿ ಹಾಡಿದ 'ಆಲ್ ಅಲಾಂಗ್ ದಿ ವಾಚ್‌ಟವರ್' ಎಂಬ ಗೀತವನ್ನು ಜಿಮಿ ಹೆಂಡ್ರಿಕ್ಸ್ ಮರುವರ್ಷವೇ ಬಿರುಗಾಳಿಯಂತೆ ನುಡಿಸಿದರು. ಡಿಲನ್ ತಾವೇ ಮುಂದೆ ಸಭೆಗಳಲ್ಲಿ ಹೆಂಡ್ರಿಕ್ಸರ ಧಾಟಿಯನ್ನು ಹಿಡಿದರು. ತನ್ನ ಹಾಡಿನಲ್ಲಿದ್ದುದನ್ನು ಕವಿಯೇ ಇನ್ನೊಬ್ಬನಿಂದ ಕಲಿತ ಉದಾಹರಣೆ ಇದು.

ವಿದ್ಯಾರ್ಥಿನಿಯ ಪ್ರಶ್ನೆಗೆ ಈಗ ನಮ್ಮ ಉತ್ತರ ಹೀಗೆ: ಮ್ಯಾಶಪ್ಪು ಆ ನಾಲ್ಕರಲ್ಲಿ ಯಾವುದೂ ಅಲ್ಲ, ಅಷ್ಟರ ಮಟ್ಟಿಗೆ ನಾವು ಹೇಳಿದ್ದು ಸರಿ. ಆದರೆ ಅದು ಕಳವಲ್ಲ. ಎರಡು ಹಾಡುಗಳನ್ನು ಒಂದರ ಎದುರು ಒಂದನ್ನು ಕೂರಿಸಿ ಮಾತನಾಡಿಸುವ ಕಲೆ ಅದು. ಮಾತು ನಡೆದರೆ ಮಾತ್ರ ಕಲೆ. ಆಕೆ ಪದವಿ ಮುಗಿಸಿ ಹೋಗಿದ್ದಾಳೆ. ಈ ಸಂಚಿಕೆ ಅವಳ ಕೈಸೇರುವುದೋ ಇಲ್ಲವೋ. ಈ ವರ್ಷ ಅದೇ ಪಾಠ ಮತ್ತೆ ಬರುತ್ತದೆ. ರಾಜಶೇಖರನ ನಾಲ್ಕು ಬಗೆಗಳನ್ನು ಹೇಳಿ ಮುಗಿಸಿದ ಮೇಲೆ, ಐದನೆಯದೊಂದು ಉಂಟೆಂದು ನಾವೇ ಮೊದಲು ಹೇಳಬೇಕೆಂದಿದ್ದೇವೆ.